ಒಂದೇ ಬೈಗುಳ, ಬೇರೆ ಬೇರೆ ತೂಕ



ಕಳೆದ ತಿಂಗಳು ಮಧ್ಯಾಹ್ನದ ಬಿಡುವಿನಲ್ಲಿ ಮೈದಾನದಲ್ಲಿ ಕ್ರಿಕೆಟ್ ಆಡುತ್ತಿದ್ದೆವು. ದೇವದುರ್ಗ ಕಡೆಯ ಹಳ್ಳಿಯಿಂದ ಬಂದು ರಾಯಚೂರಿನಲ್ಲಿ ರೂಮ್ ಮಾಡಿಕೊಂಡಿರುವ ಗೆಳೆಯನೊಬ್ಬ ಸುಲಭದ ಕ್ಯಾಚ್ ಬಿಟ್ಟ. ನಾನು ನಗುತ್ತಲೇ, "ಬೇವರ್ಸಿ, ಕಣ್ಣ ಎಲ್ಲಿಟ್ಟಿದ್ದಿಲೇ?" ಅಂದೆ. ನಾವು ದಿನಾಲೂ ಒಬ್ಬರಿಗೊಬ್ಬರು ಅನ್ನುವ ಮಾತು ಅದು. ಎಲ್ಲರೂ ನಕ್ಕರು. ಅವನು ಮಾತ್ರ ಚೆಂಡು ಕೆಳಗಿಟ್ಟು ಕ್ಲಾಸಿಗೆ ಹೋಗಿಬಿಟ್ಟ. ನಾಲ್ಕು ದಿನ ನನ್ನ ಜೊತೆ ಮಾತಾಡಲಿಲ್ಲ.

ಕಾರಣ ಹೇಳಿದ್ದು ಮಾನ್ವಿಯ ಇನ್ನೊಬ್ಬ ಗೆಳೆಯ. ಅವನ ತಂದೆ ತೀರಿಕೊಂಡು ಇನ್ನೂ ವರ್ಷವಾಗಿಲ್ಲ. ಹೊಲದ ಪಹಣಿಯಲ್ಲಿ ಹೆಸರು ಬದಲಾಯಿಸಲು ತಾಯಿ ಮತ್ತು ಮಗ ವಾರಸುದಾರರ ಕಾಗದಗಳನ್ನು ಹೊಂದಿಸುತ್ತಿದ್ದಾರೆ. ನನಗೆ ಈ ವಿಷಯ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದೆ ಅಂದ ಮಾತೂ ಮುಟ್ಟಬೇಕಾದ ಕಡೆ ಮುಟ್ಟಿತ್ತು. ಒಂದೇ ಪದ ಒಬ್ಬರಿಗೆ ತಮಾಷೆ, ಇನ್ನೊಬ್ಬರಿಗೆ ಗಾಯ ಆಗುವುದು ಯಾಕೆ? ಆ ಪ್ರಶ್ನೆಯಿಂದ ಹುಟ್ಟಿದ ಲೇಖನ ಇದು. ಪತ್ರಿಕೆ ಮನೆಗಳಿಗೂ ಹೋಗುವುದರಿಂದ ತೀರಾ ಕೆಟ್ಟ ಪದಗಳನ್ನು ಇಲ್ಲಿ ಬರೆದಿಲ್ಲ. ಸಾಧಾರಣ ಪದಗಳೇ ಸಾಕಷ್ಟು ಪಾಠ ಹೇಳುತ್ತವೆ.

ಮುಖಬೆಲೆ ಮತ್ತು ಮಾರುಕಟ್ಟೆ ಬೆಲೆ

ಕಾಮರ್ಸ್ ಓದುವವರಿಗೆ ಒಂದು ಮಾತು ಗೊತ್ತು. ಷೇರಿನ ಮುಖಬೆಲೆ ಹತ್ತು ರೂಪಾಯಿ ಇರಬಹುದು, ಮಾರುಕಟ್ಟೆಯಲ್ಲಿ ಅದು ನೂರಕ್ಕೂ ಹೋಗಬಹುದು, ಐದಕ್ಕೂ ಇಳಿಯಬಹುದು. ಬೈಗುಳಕ್ಕೂ ಹೀಗೆ ಎರಡು ಬೆಲೆ ಇದೆ. ನಿಘಂಟಿನ ಅರ್ಥ ಮುಖಬೆಲೆ. ಕೇಳಿದವರ ಮನಸ್ಸಿನಲ್ಲಿ ಆಗುವುದು ಮಾರುಕಟ್ಟೆ ಬೆಲೆ.

ಮೊದಲು ಮುಖಬೆಲೆ ನೋಡೋಣ. "ಬೇವರ್ಸಿ" ಪದದಲ್ಲಿ "ಬೇ" ಅಂದರೆ ಇಲ್ಲದ, "ವಾರಿಸ್" ಅಂದರೆ ವಾರಸುದಾರ. ಹಿಂದೆ ಮುಂದೆ ಯಾರೂ ಇಲ್ಲದವನು ಎಂದು ಅರ್ಥ. ಬ್ಯಾಂಕಿನಲ್ಲಿ, ತಹಶೀಲ್ದಾರ್ ಕಚೇರಿಯಲ್ಲಿ ಗೌರವದಿಂದ ಬರೆಯುವ "ವಾರಸುದಾರ" ಮತ್ತು ಮೈದಾನದಲ್ಲಿ ನಾನು ಅಂದ "ಬೇವರ್ಸಿ" ಒಂದೇ ಬೇರಿನವು. ನಮ್ಮ ಉರ್ದು ಮನೆಗಳಲ್ಲಿ ಇದರ ಜೊತೆಯ ಪದ "ಲಾವಾರಿಸ್". ದಿಕ್ಕಿಲ್ಲದ ಮಗುವನ್ನು ಕಂಡಾಗ ಅಮ್ಮಿ ಅದನ್ನು ಮರುಕದಿಂದ ಹೇಳುತ್ತಾರೆ. ರೈಲ್ವೆ ಸ್ಟೇಷನ್ನಿನ ಹಿಂದಿ ಪ್ರಕಟಣೆಯಲ್ಲಿ ವಾರಸುದಾರರಿಲ್ಲದ ಚೀಲಕ್ಕೂ ಅದೇ ಪದ. ಅಂದರೆ ಒಂದೇ ಅರ್ಥ ಒಂದು ಕಡೆ ಕರುಣೆ, ಒಂದು ಕಡೆ ಎಚ್ಚರಿಕೆ, ಇನ್ನೊಂದು ಕಡೆ ಬೈಗುಳ.

"ಬದ್ಮಾಷ್" ಪದವನ್ನು ಬಿಡಿಸಿದರೆ "ಬದ್" ಅಂದರೆ ಕೆಟ್ಟ, "ಮಆಷ್" ಅಂದರೆ ಜೀವನೋಪಾಯ. ಕೆಟ್ಟ ದಾರಿಯಲ್ಲಿ ಹೊಟ್ಟೆ ಹೊರೆಯುವವನು. ಇಷ್ಟು ದೊಡ್ಡ ಆರೋಪವನ್ನು ನನ್ನ ದಾದಿ ಸಕ್ಕರೆ ಡಬ್ಬಿಗೆ ಕೈ ಹಾಕುವ ಮೊಮ್ಮಗನ ಮೇಲೆ ದಿನಾ ಹೊರಿಸುತ್ತಾರೆ, ಮುದ್ದಿನಿಂದ. "ಹರಾಮ್‌ಖೋರ್" ಅಂದರೆ ಹರಾಮಿನದನ್ನು ತಿನ್ನುವವನು. ಕನ್ನಡದ ಗೆಳೆಯರು ಸೋಮಾರಿಗೆ ಇದನ್ನು ಸಲೀಸಾಗಿ ಅನ್ನುತ್ತಾರೆ. ನಮ್ಮ ಮನೆಗಳಲ್ಲಿ ಹಲಾಲ್ ಮತ್ತು ಹರಾಮ್ ದಿನದ ಊಟಕ್ಕೂ ಸಂಪಾದನೆಗೂ ಸೇರಿದ ವಿಷಯ. ಹಾಗಾಗಿ ದುಡಿದು ತಿನ್ನುವ ಒಬ್ಬ ಅಬ್ಬಾನ ಮುಂದೆ ಈ ಪದ ಆಡಿದರೆ ಅದು ತಮಾಷೆ ಆಗುವುದಿಲ್ಲ.

ಊರು ಬದಲಾದರೆ ತೂಕ ಬದಲಾಗುತ್ತದೆ

ನಮ್ಮ ಕ್ಲಾಸಿನಲ್ಲಿ ಕನ್ನಡ, ಉರ್ದು, ತೆಲುಗು, ಲಂಬಾಣಿ ಮಾತಾಡುವ ಮನೆಯವರು ಇದ್ದೇವೆ. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರುವ ಮೊದಲು ರಾಯಚೂರು ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಕಾಲದ ಕಚೇರಿ ಭಾಷೆ ಉರ್ದು. ಇಷ್ಟು ಭಾಷೆಗಳು ಒಂದೇ ಬೆಂಚಿನಲ್ಲಿ ಕೂತಾಗ ಗೊಂದಲ ಸಹಜ.

ಒಂದಕ್ಷರದ "ಬೇ" ನೋಡಿ. ನಮ್ಮ ಹಳ್ಳಿಗಳ ಕನ್ನಡದಲ್ಲಿ "ಬಾ ಬೇ ಯವ್ವಾ" ಅಂದರೆ ತಾಯಂದಿರನ್ನು ಪ್ರೀತಿಯಿಂದ ಕರೆದಂತೆ. ಉರ್ದುವಿನಲ್ಲಿ "ಕ್ಯಾ ಬೇ" ಅಂದರೆ ಎದುರಿನವನನ್ನು ಕೆಳಗೆ ಹಾಕಿ ಮಾತಾಡಿದಂತೆ. ದೊಡ್ಡವರಿಗೆ ಅಂದರೆ ಕಪಾಳಕ್ಕೆ ಬೀಳುತ್ತದೆ. ಎರಡು ಭಾಷೆಯಲ್ಲೂ ಕಿವಿಗೆ ಕೇಳುವ ಸದ್ದು ಒಂದೇ. "ಲೇ" ಮತ್ತು "ಮಗನ" ಕೂಡ ಹಾಗೆಯೇ. ಇಲ್ಲಿ ಅವು ಗೆಳೆತನದ ಗುರುತು. ಇದೇ ಪದಗಳನ್ನು ಬೆಂಗಳೂರು, ಮೈಸೂರು ಕಡೆ ಪರಿಚಯ ಇಲ್ಲದವರಿಗೆ ಅಂದರೆ ಜಗಳಕ್ಕೆ ಬಂದಂತೆ ಕಾಣುತ್ತದೆ.

ತಾಯ್ನುಡಿಯ ಬೈಗುಳ ಯಾಕೆ ಹೆಚ್ಚು ಚುಚ್ಚುತ್ತದೆ?

ಇಂಗ್ಲಿಷಿನ ಬೈಗುಳವನ್ನು ನಾವು ಸಿನಿಮಾ ನೋಡಿ ಸಲೀಸಾಗಿ ಅಂದುಬಿಡುತ್ತೇವೆ. ಅದನ್ನೇ ಮನೆಯ ಭಾಷೆಗೆ ತಿರುಗಿಸಿ ಹೇಳಲು ನಾಲಿಗೆ ಏಳುವುದಿಲ್ಲ. ಇದಕ್ಕೆ ಆಧಾರವೂ ಇದೆ. 2003ರಲ್ಲಿ ಕ್ಯಾಥರಿನ್ ಹ್ಯಾರಿಸ್ ಮತ್ತು ಅವರ ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ಟರ್ಕಿಶ್ ಮಾತೃಭಾಷೆಯಾಗಿದ್ದು, ಆಮೇಲೆ ಇಂಗ್ಲಿಷ್ ಕಲಿತವರಿಗೆ ಎರಡೂ ಭಾಷೆಯ ಪದಗಳನ್ನು ಕೇಳಿಸಿ, ತೋರಿಸಿ, ಚರ್ಮದ ಸೂಕ್ಷ್ಮ ಬೆವರಿನ ಬದಲಾವಣೆಯನ್ನು ಯಂತ್ರದಿಂದ ಅಳೆದರು. ಚಿಕ್ಕಂದಿನಲ್ಲಿ ಹಿರಿಯರು ಗದರಿಸುವ ಮಾತುಗಳಿಗೆ ತಾಯ್ನುಡಿಯಲ್ಲೇ ಮೈ ಹೆಚ್ಚು ಪ್ರತಿಕ್ರಿಯಿಸಿತು. ಪೆಟ್ಟು, ನಾಚಿಕೆ, ಅಳು ಎಲ್ಲವನ್ನೂ ನಾವು ಮೊದಲು ಕಂಡದ್ದು ಆ ಭಾಷೆಯಲ್ಲಿ. ಹಾಗಾಗಿ ನನಗೆ ಉರ್ದು ಬೈಗುಳ ಭಾರ, ಕನ್ನಡದ್ದು ಹಗುರ. ನನ್ನ ಗೆಳೆಯನಿಗೆ ಇದು ಉಲ್ಟಾ. ನಾನು ನನ್ನ ತಕ್ಕಡಿಯಲ್ಲಿ ತೂಗಿ ಅವನಿಗೆ ಕೊಟ್ಟಿದ್ದೆ.

ಮೂರನೆಯವರ ಖಾತೆಗೆ ಡೆಬಿಟ್

ಹಲವು ಭಾಷೆಗಳಲ್ಲಿ ದೊಡ್ಡ ಬೈಗುಳಗಳು ತಾಯಿ ಅಥವಾ ತಂಗಿಯ ಹೆಸರಿನಲ್ಲಿ ಇವೆ. ಜಗಳ ಇಬ್ಬರು ಹುಡುಗರದು, ಮೈದಾನಕ್ಕೆ ಬರದೇ ಇರುವ ಒಬ್ಬ ಹೆಂಗಸಿನ ಖಾತೆಗೆ ಡೆಬಿಟ್ ಬೀಳುತ್ತದೆ. ಅಕೌಂಟೆನ್ಸಿಯಲ್ಲಿ ಹೀಗೆ ಬರೆದರೆ ತಪ್ಪು ನಮೂದು ಎಂದು ಸರ್ ಅಂಕ ಕತ್ತರಿಸುತ್ತಾರೆ. ಇನ್ನೊಬ್ಬರ ತಂದೆ ತಾಯಿಯನ್ನು ಬೈದವನು, ಅವರು ತಿರುಗಿ ಬೈಯುವಂತೆ ಮಾಡಿ ತನ್ನ ಹೆತ್ತವರನ್ನೇ ಬೈಸಿದಂತೆ ಎಂಬ ಅರ್ಥದ ಹದೀಸನ್ನು ನಮ್ಮಲ್ಲಿ ಹಲವರು ಮದರಸಾದಲ್ಲಿ ಕಲಿತಿದ್ದೇವೆ. ಕಲಿತದ್ದು ಮೈದಾನದಲ್ಲಿ ನೆನಪಿಗೆ ಬರುವುದಿಲ್ಲ, ಅಷ್ಟೇ.

ಯಾವ ಊರಿನಲ್ಲೂ ಹಗುರ ಆಗದ ಪದಗಳು

ಇಲ್ಲಿಯವರೆಗೆ ಹೇಳಿದ್ದನ್ನು ಓದಿ, "ಎಲ್ಲವೂ ಕೇಳುವವರ ಮೇಲೆ ಬಿಟ್ಟದ್ದು" ಎಂದು ಯಾರಾದರೂ ತಿಳಿದರೆ ಅದು ಅರ್ಧ ಸತ್ಯ. ಬ್ರಿಟನ್ನಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್ 2016ರಲ್ಲಿ ಟಿವಿ ಮತ್ತು ರೇಡಿಯೋದ ಕೆಟ್ಟ ಪದಗಳ ಬಗ್ಗೆ ಜನರ ಅಭಿಪ್ರಾಯ ಕೇಳಿ, ಅವುಗಳನ್ನು ದರ್ಜೆಗಳಾಗಿ ವಿಂಗಡಿಸಿತು. ಯಾರು, ಎಲ್ಲಿ, ಯಾವ ಧಾಟಿಯಲ್ಲಿ ಹೇಳಿದರು ಎಂಬುದನ್ನು ಜನ ಮುಖ್ಯ ಎಂದರು. ಆದರೆ ಜನಾಂಗ ಅಥವಾ ಅಂಗವೈಕಲ್ಯವನ್ನು ಹಿಡಿದು ಹೀಯಾಳಿಸುವ ಪದಗಳನ್ನು ಸಾಮಾನ್ಯ ಅಶ್ಲೀಲ ಪದಗಳಿಗಿಂತ ಗಂಭೀರವಾಗಿ ಕಂಡವರು ಬಹಳ.

ನಮ್ಮಲ್ಲಿ ಆ ಜಾಗದಲ್ಲಿ ಜಾತಿ ನಿಂತಿದೆ. ಕೊಳಕು ಬಟ್ಟೆಗೆ, ಒರಟು ಮಾತಿಗೆ ಒಂದು ಜಾತಿಯ ಹೆಸರನ್ನೇ ಬೈಗುಳವಾಗಿ ಬಳಸುವುದನ್ನು ನಾವೆಲ್ಲ ಕೇಳಿದ್ದೇವೆ. "ಯಾರಿಗೂ ಅಂದದ್ದಲ್ಲ" ಎಂದು ಸಮಜಾಯಿಷಿ ಕೊಡುತ್ತೇವೆ. ಆದರೆ ಆ ಹೆಸರಿನವನು ಹಿಂದಿನ ಬೆಂಚಿನಲ್ಲಿ ಕೂತಿರುತ್ತಾನೆ. ಅವನ ಹಿರಿಯರು ಅದೇ ಪದ ಕೇಳಿ ಬಾವಿಯಿಂದ ದೂರ ನಿಂತವರು. ನಮ್ಮ ಸಮುದಾಯದ ಮೇಲೂ ಇಂಥ ಪದಗಳಿವೆ. ಬಸ್ಸಿನಲ್ಲಿ ಯಾರೋ ನಗುತ್ತಾ ಅಂದಾಗ ನಗಲಾರದೆ ಕಿಟಕಿಯ ಹೊರಗೆ ನೋಡಿದ್ದು ನನಗೆ ನೆನಪಿದೆ. ಆ ನೋವು ಗೊತ್ತಿದ್ದೂ ನಾವೇ ಇನ್ನೊಬ್ಬರಿಗೆ ಅಂಥದ್ದನ್ನು ಅಂದರೆ ನಮಗೆ ಯಾವ ನೆಪವೂ ಇಲ್ಲ. ಒಂದು ಗುಂಪು ಇನ್ನೊಂದನ್ನು ಗೇಲಿ ಮಾಡಬಾರದು, ಕೆಟ್ಟ ಅಡ್ಡಹೆಸರಿನಿಂದ ಕರೆಯಬಾರದು ಎಂಬುದು ಸೂರಾ ಹುಜುರಾತ್‌ನ 11ನೇ ಆಯತ್ತಿನ ತಿಳಿವಳಿಕೆ.

ಕಾನೂನು ಕೂಡ ಈ ವ್ಯತ್ಯಾಸವನ್ನು ಗುರುತಿಸಿದೆ. ಶಾಂತಿಭಂಗಕ್ಕೆ ಪ್ರಚೋದಿಸುವ ಉದ್ದೇಶದಿಂದ ಅವಮಾನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 352ನೇ ಕಲಂ ಪ್ರಕಾರ ಎರಡು ವರ್ಷದವರೆಗೆ ಶಿಕ್ಷೆ ಆಗಬಹುದು. ಪರಿಶಿಷ್ಟ ಜಾತಿ, ಪಂಗಡದವರನ್ನು ಸಾರ್ವಜನಿಕರ ಕಣ್ಣಿಗೆ ಬೀಳುವ ಜಾಗದಲ್ಲಿ ಜಾತಿ ಹೆಸರು ಹಿಡಿದು ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆಯಡಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು ಮತ್ತು ದಂಡ. ಅಂಗವಿಕಲರನ್ನು ಹಾಗೆ ಬೇಕೆಂದೇ ಅವಮಾನಿಸಿದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಡಿಯೂ ಅಷ್ಟೇ ಶಿಕ್ಷೆ.

ಕೊನೆಗೆ

ಐದನೇ ದಿನ ನಾನು ಗೆಳೆಯನ ರೂಮಿಗೆ ಹೋಗಿ ತಪ್ಪಾಯಿತು ಅಂದೆ. "ತಮಾಷೆಗೆ ಅಂದದ್ದು" ಎಂದೂ ಸೇರಿಸಿದೆ. ಅವನು ಹೇಳಿದ: "ತಮಾಷೆಗಿ ಅಂತ ಗೊತ್ತೈತಿ. ಆದ್ರ ಮನಿಗಿ ಹೋದಾಗೊಮ್ಮೆ ಎಲ್ಲಾರೂ ವಾರಸದಾರ ಯಾರು, ವಾರಸದಾರ ಯಾರು ಅಂತ ಕೇಳ್ತಾರ. ಇಲ್ಲಿ ಬಂದ್ರ ನೀನೂ ಅದನ್ನ ಅಂದಿ." ಆಮೇಲೆ ಚಹಾ ಮಾಡಿದ. ಈಗ ಮೊದಲಿನಂತೆ ಆಡುತ್ತೇವೆ. ಕ್ಯಾಚ್ ಬಿಡುವುದನ್ನು ಅವನು ಬಿಟ್ಟಿಲ್ಲ, ಆ ಪದವನ್ನು ನಾನು ಬಿಟ್ಟಿದ್ದೇನೆ.

ಬಯ್ಯುವವನು ಹೇಳುವುದು ಮುಖಬೆಲೆ ಮಾತ್ರ. ನಿಜವಾದ ಬೆಲೆ ಕೇಳಿದವನ ಖಾತೆಯಲ್ಲಿ ಬರೆದಿರುತ್ತದೆ, ಆ ಖಾತೆ ನಮಗೆ ಕಾಣುವುದಿಲ್ಲ. ಆದ್ದರಿಂದ ಅವನು "ನೋವಾಯಿತು" ಅಂದರೆ ಲೆಕ್ಕ ವಾದಿಸದೆ ಒಪ್ಪಿಕೊಳ್ಳುವುದು ಸರಿ.

ಕ್ಲಾಸಿನಲ್ಲಿ ಚರ್ಚಿಸಲು ಮೂರು ಪ್ರಶ್ನೆಗಳು:

1. ನಿಮ್ಮ ಮನೆಯಲ್ಲಿ ಮುದ್ದಿಗೆ ಬಳಸುವ ಯಾವ ಪದ ಹೊರಗೆ ಬೈಗುಳ ಆಗುತ್ತದೆ?

2. ನೀವು ದಿನಾ ಆಡುವ ಒಂದು ಬೈಗುಳದ ಮೂಲ ಅರ್ಥ ಏನು? ಮನೆಯ ಹಿರಿಯರನ್ನು ಕೇಳಿ ಬನ್ನಿ.

3. ಗೆಳೆಯರೆಲ್ಲ ನಕ್ಕಾಗ ನಗದೇ ಕೂತವರು ಯಾರಾದರೂ ಇದ್ದರೇ?