ಟ್ರ್ಯಾಕ್ ಬಾರ್: ಸರಳು ನೀವೇ ಮಾಡಿ, ಕೀಲು ಕೊಂಡು ತನ್ನಿ

ಗಟ್ಟಿ ಆಕ್ಸಲ್ (ಎರಡೂ ಚಕ್ರಗಳಿಗೆ ಒಂದೇ ಅಚ್ಚು) ಮತ್ತು ಕಾಯಿಲ್ ಸ್ಪ್ರಿಂಗ್ ಇರುವ ಪಿಕಪ್ ಟ್ರಕ್ಕಿನ ಮುಂಭಾಗದ ಅಡಿ ಮಲಗಿ ಮೇಲೆ ನೋಡಿದರೆ ಅಡ್ಡಲಾಗಿ ಮೂರು ಸರಳುಗಳು ಕಾಣುತ್ತವೆ. ಹೊಸಬರ ಕಣ್ಣಿಗೆ ಮೂರೂ ಒಂದೇ. ಆದರೆ ಕೆಲಸ ಬೇರೆ ಬೇರೆ. ಸ್ಟೇರಿಂಗ್ ಬಾಕ್ಸಿನಿಂದ ಹೊರಟು ಚಕ್ರವನ್ನು ತಿರುಗಿಸುವುದು ಡ್ರ್ಯಾಗ್ ಲಿಂಕ್. ಎರಡೂ ಚಕ್ರಗಳು ಜೊತೆಯಾಗಿ ತಿರುಗುವಂತೆ ಕಟ್ಟಿಹಾಕುವುದು ಟೈ ರಾಡ್. ಮೂರನೆಯದು ಏನನ್ನೂ ತಿರುಗಿಸುವುದಿಲ್ಲ. ಅದರ ಒಂದು ತುದಿ ಚಾಸಿಸ್‌ಗೆ, ಇನ್ನೊಂದು ತುದಿ ಆಕ್ಸಲ್‌ಗೆ ಸೇರಿರುತ್ತದೆ. ಆಕ್ಸಲ್ ಎಡಕ್ಕೂ ಬಲಕ್ಕೂ ಜಾರದಂತೆ ಹಿಡಿದಿಡುವುದಷ್ಟೇ ಅದರ ಕೆಲಸ. ಇದೇ ಟ್ರ್ಯಾಕ್ ಬಾರ್. ಫ್ರಾನ್ಸಿನ ಹಳೆಯ ಕಾರು ಕಂಪನಿಯ ಹೆಸರಿನಿಂದ ಇದನ್ನು ಪನಾರ್ಡ್ ರಾಡ್ ಎಂದೂ ಕರೆಯುತ್ತಾರೆ.

ಈ ಸರಳು ಸವೆದಾಗ ಮನೆಯ ಶೆಡ್ಡಿನಲ್ಲೇ ಬದಲಿ ಸರಳು ಮಾಡಿಕೊಳ್ಳುವ ರೂಢಿ ಅಮೆರಿಕದ ಪಿಕಪ್ ಮಾಲೀಕರಲ್ಲಿದೆ. ಅದರ ಹಿಂದಿನ ತರ್ಕವೇನು, ಎಲ್ಲಿ ಕೈ ಹಾಕಬಹುದು, ಎಲ್ಲಿ ಹಾಕಬಾರದು ಎಂಬುದನ್ನು ಮೊದಲ ಸಲ ಕೇಳುವವರಿಗಾಗಿ ಇಲ್ಲಿ ಹಂತ ಹಂತವಾಗಿ ಹೇಳುತ್ತೇನೆ.

ಇದು ಸ್ಟೇರಿಂಗ್ ಭಾಗವೂ ಹೌದು

ನಮ್ಮ ರಸ್ತೆಗಳ ಸರಕು ಪಿಕಪ್‌ಗಳ ಹಿಂದಿನ ಆಕ್ಸಲ್ ನೋಡಿ. ಅಲ್ಲಿ ಲೀಫ್ ಸ್ಪ್ರಿಂಗ್ ಇರುತ್ತದೆ. ಆ ಪಟ್ಟಿಗಳೇ ಭಾರ ಹೊರುತ್ತವೆ, ಆಕ್ಸಲ್ ಅಡ್ಡ ಜಾರದಂತೆಯೂ ಹಿಡಿಯುತ್ತವೆ. ಕಾಯಿಲ್ ಸ್ಪ್ರಿಂಗಿಗೆ ಆ ಎರಡನೆಯ ಶಕ್ತಿ ಇಲ್ಲ. ಅದು ಭಾರ ಹೊರುತ್ತದೆ, ಅಡ್ಡ ಒತ್ತಡಕ್ಕೆ ಸುಮ್ಮನೆ ವಾಲುತ್ತದೆ. ಆದ್ದರಿಂದ ಗಟ್ಟಿ ಆಕ್ಸಲ್‌ಗೆ ಕಾಯಿಲ್ ಸ್ಪ್ರಿಂಗ್ ಕೊಟ್ಟ ಗಾಡಿಗಳಲ್ಲಿ ಸಾಮಾನ್ಯವಾಗಿ ಇಂಥದೊಂದು ಅಡ್ಡ ಸರಳು ಇರುತ್ತದೆ.

ಈಗ ಮುಖ್ಯ ಮಾತು. ಸ್ಟೇರಿಂಗ್ ಬಾಕ್ಸ್ ಕೂತಿರುವುದು ಚಾಸಿಸ್ ಮೇಲೆ, ಚಕ್ರಗಳಿರುವುದು ಆಕ್ಸಲ್‌ನಲ್ಲಿ. ನೀವು ಸ್ಟೇರಿಂಗನ್ನು ಅಲುಗಾಡಿಸದೆ ಹಿಡಿದಿದ್ದರೂ ಆಕ್ಸಲ್ ನಾಲ್ಕು ಮಿಲಿಮೀಟರ್ ಪಕ್ಕಕ್ಕೆ ಸರಿಯಿತು ಎನ್ನಿ. ಡ್ರ್ಯಾಗ್ ಲಿಂಕ್ ಮಾತ್ರ ಇದ್ದಲ್ಲೇ ಇರುತ್ತದೆ. ಅಂದರೆ ಯಾರೋ ಸ್ಟೇರಿಂಗ್ ತಿರುಗಿಸಿದಂತೆಯೇ ಚಕ್ರ ತಿರುಗುತ್ತದೆ. ಟ್ರ್ಯಾಕ್ ಬಾರಿನ ತುದಿ ಸಡಿಲವಾದರೆ ಗಾಡಿ ರಸ್ತೆಯಲ್ಲಿ ಅತ್ತಿತ್ತ ಅಲೆಯುವುದು ಇದೇ ಕಾರಣಕ್ಕೆ. ವೇಗದಲ್ಲಿ ಒಂದು ಗುಂಡಿ ಸಿಕ್ಕಿದರೆ ಮುಂಚಕ್ರಗಳೆರಡೂ ಪಟಪಟನೆ ಎಡಬಲ ಹೊಡೆದುಕೊಳ್ಳತೊಡಗಬಹುದು; ಗಾಡಿಯ ವೇಗ ಇಳಿಸುವತನಕ ನಿಲ್ಲುವುದಿಲ್ಲ. ಅಮೆರಿಕದವರು ಇದಕ್ಕೆ ಡೆತ್ ವಾಬಲ್ ಎನ್ನುತ್ತಾರೆ.

ಒಂದು ನಿಜವಾದ ಉದಾಹರಣೆ

1994ರಿಂದ ಬಂದ ಎರಡನೆಯ ತಲೆಮಾರಿನ ಡಾಡ್ಜ್ ರ‍್ಯಾಮ್ ಪಿಕಪ್‌ನ ನಾಲ್ಕು ಚಕ್ರ ಚಾಲನೆಯ ಮಾದರಿಗಳು ಈ ವಿಷಯದಲ್ಲಿ ಹೆಸರಾದವು. ಅವುಗಳ ಟ್ರ್ಯಾಕ್ ಬಾರಿನ ಆಕ್ಸಲ್ ಕಡೆಯ ತುದಿಯಲ್ಲಿ ರಬ್ಬರ್ ಬುಶ್ ಇದೆ. ಚಾಸಿಸ್ ಕಡೆಯ ತುದಿಯಲ್ಲಿ ಟೈ ರಾಡ್ ಎಂಡಿನಂಥ ಬಾಲ್ ಜಾಯಿಂಟ್, ಅಂದರೆ ಗುಂಡಿನ ಕೀಲು. ಡೀಸೆಲ್ ಎಂಜಿನ್ನಿನ ಭಾರಿ ತೂಕದಿಂದ ಬರುವ ಅಡ್ಡ ಒತ್ತಡವನ್ನೂ ದೊಡ್ಡ ಟೈರುಗಳ ಎಳೆತವನ್ನೂ ಆ ಒಂದು ಗುಂಡು ತಡೆದುಕೊಳ್ಳಬೇಕು. ಅದು ಬೇಗ ಸವೆಯುತ್ತದೆ, ಸವೆದರೆ ಇಡೀ ಸರಳನ್ನೇ ಬದಲಿಸಬೇಕು. 2003ರ 2500 ಮತ್ತು 3500 ಮಾದರಿಗಳಲ್ಲಿ ಕಂಪನಿಯೇ ಎರಡೂ ತುದಿಗೆ ಬುಶ್ ಕೊಟ್ಟಿತು. ಹಳೆಯ ಗಾಡಿಯ ಮಾಲೀಕರು ಅದನ್ನೇ ಅನುಸರಿಸಿದರು: ಬಾಲ್ ಜಾಯಿಂಟಿನ ಜಾಗಕ್ಕೆ ಹೊಸ ಬ್ರ್ಯಾಕೆಟ್, ಎರಡೂ ತುದಿಗೆ ಬೋಲ್ಟು ಹಾಯುವ ಕಣ್ಣು.

ಬೋಲ್ಟಿನ ಕಣ್ಣು ಯಾಕೆ ಮೇಲು? ಬಾಲ್ ಜಾಯಿಂಟಿನ ಗೂಟ ಒಂದೇ ಪಕ್ಕದಲ್ಲಿ ಹಿಡಿತ ಪಡೆದು ನಿಂತಿರುತ್ತದೆ. ಬ್ರ್ಯಾಕೆಟ್ಟಿನ ಎರಡು ಕಿವಿಗಳ ನಡುವೆ ಹಾಯುವ ಬೋಲ್ಟಿಗೆ ಎರಡೂ ಕಡೆ ಆಸರೆ. ಅದೇ ದಪ್ಪದ ಬೋಲ್ಟು ಹಾಗೆ ಕೂತಾಗ ಹೆಚ್ಚು ಹೊರೆ ತಡೆಯುತ್ತದೆ, ಬಾಗುವುದೂ ಕಡಿಮೆ.

ಮೊದಲು ರೋಗ ಗುರುತಿಸಿ

ಸರಳು ಮಾಡಲು ಕೂರುವ ಮುಂಚೆ ದೋಷ ಅದರದ್ದೇ ಎಂದು ಖಚಿತವಾಗಬೇಕು. ಗಾಡಿಯನ್ನು ಜ್ಯಾಕ್ ಮೇಲೆ ಎತ್ತಬೇಡಿ; ಭಾರ ಚಕ್ರಗಳ ಮೇಲೇ ಇರಲಿ. ಹ್ಯಾಂಡ್ ಬ್ರೇಕ್ ಹಾಕಿ, ಹಿಂದಿನ ಚಕ್ರಗಳಿಗೆ ಮುಂದೆಯೂ ಹಿಂದೆಯೂ ಅಡ್ಡಗಟ್ಟೆ ಕೊಡಿ. ಎಂಜಿನ್ ಚಾಲೂ ಇರಲಿ, ಒಬ್ಬರು ಒಳಗೆ ಕೂತು ಸ್ಟೇರಿಂಗನ್ನು ಸ್ವಲ್ಪ ಸ್ವಲ್ಪ ಎಡಕ್ಕೆ ಬಲಕ್ಕೆ ಆಡಿಸಲಿ. ನೀವು ಪಕ್ಕದಿಂದ ಟ್ರ್ಯಾಕ್ ಬಾರಿನ ಎರಡೂ ತುದಿಗಳನ್ನು ನೋಡಿ. ಸರಳಿಗೂ ಬ್ರ್ಯಾಕೆಟ್ಟಿಗೂ ನಡುವೆ ಕಣ್ಣಿಗೆ ಕಾಣುವಷ್ಟು ಪ್ಲೇ (ಸಡಿಲ) ಇದ್ದರೆ, ಟಕ್ ಎಂಬ ಸದ್ದು ಕೇಳಿದರೆ, ಕಳ್ಳ ಸಿಕ್ಕಿದ.

ಜೊತೆಗೆ ಟೈ ರಾಡ್ ಎಂಡ್, ಚಕ್ರದ ಬಾಲ್ ಜಾಯಿಂಟ್, ವೀಲ್ ಬೇರಿಂಗ್, ಟೈರಿನ ಬ್ಯಾಲೆನ್ಸ್ ಇಷ್ಟನ್ನೂ ನೋಡಿ. ನಡುಕಕ್ಕೆ ಇವೂ ಕಾರಣವಾಗಬಲ್ಲವು. ಸ್ಟೇರಿಂಗಿನ ಅಲುಗಾಟ ತಗ್ಗಿಸುವ ಹೊಸ ಡ್ಯಾಂಪರ್ ಹಾಕಿ ನಡುಕ ನಿಂತಿತು ಎಂದು ಸಮಾಧಾನಪಡಬೇಡಿ. ಡ್ಯಾಂಪರ್ ರೋಗವನ್ನು ಮರೆಮಾಡುತ್ತದೆ, ಗುಣಪಡಿಸುವುದಿಲ್ಲ.

ಸರಳಿನ ರೇಖಾಗಣಿತ

ಹೊಸಬರು ಕಬ್ಬಿಣದ ದಪ್ಪದ ಬಗ್ಗೆ ಹೆಚ್ಚು ಯೋಚಿಸುತ್ತಾರೆ, ಕೋನದ ಬಗ್ಗೆ ಕಡಿಮೆ. ಆದರೆ ಗಾಡಿಯ ನಡತೆ ತೀರ್ಮಾನವಾಗುವುದು ಕೋನದಲ್ಲಿ.

ಚಾಸಿಸ್ ಕಡೆಯ ತುದಿ ಸ್ಥಿರ. ಆಕ್ಸಲ್ ಕಡೆಯ ತುದಿ, ಬಾಗಿಲು ತನ್ನ ಕೀಲಿನ ಸುತ್ತ ತಿರುಗುವಂತೆ, ಕಂಸದಲ್ಲಿ ಮೇಲೆ ಕೆಳಗೆ ಚಲಿಸುತ್ತದೆ. ಹಾಗಾಗಿ ಆಕ್ಸಲ್ ಮೇಲೆದ್ದಾಗ ಸ್ವಲ್ಪ ಪಕ್ಕಕ್ಕೂ ಸರಿಯುವುದು ಅನಿವಾರ್ಯ. ಎಷ್ಟು ಸರಿಯುತ್ತದೆ? 800 ಮಿ.ಮೀ. ಉದ್ದದ ಸರಳು ನೆಲಕ್ಕೆ ಸಮಾನಾಂತರವಾಗಿದೆ ಎಂದುಕೊಳ್ಳಿ. ಆಕ್ಸಲ್ 75 ಮಿ.ಮೀ. ಮೇಲೆದ್ದರೆ ಪಕ್ಕಕ್ಕೆ ಸರಿಯುವುದು ಸುಮಾರು 3.5 ಮಿ.ಮೀ. ಮಾತ್ರ. ಅದೇ ಸರಳು 15 ಡಿಗ್ರಿ ಓರೆಯಾಗಿದ್ದರೆ, ಅದೇ 75 ಮಿ.ಮೀ. ಏಳುವಿಕೆಗೆ ಸುಮಾರು 16 ಮಿ.ಮೀ. ಸರಿಯುತ್ತದೆ. ಗಾಡಿಯನ್ನು ಎತ್ತರಿಸಿದವರು ಸ್ಟೇರಿಂಗ್ ಹಿಡಿದು ಒದ್ದಾಡುವುದಕ್ಕೆ ಬಹಳ ಸಲ ಈ ಓರೆಯೇ ಕಾರಣ.

ಸರಳು ಆದಷ್ಟು ನೆಲಕ್ಕೆ ಸಮಾನಾಂತರವಾಗಿರಬೇಕು ಎಂಬುದು ಮೊದಲ ಸೂತ್ರ. ಎರಡನೆಯದು: ಟ್ರ್ಯಾಕ್ ಬಾರ್ ಮತ್ತು ಡ್ರ್ಯಾಗ್ ಲಿಂಕ್ ಒಂದಕ್ಕೊಂದು ಸಮಾನಾಂತರವಾಗಿರಬೇಕು, ಉದ್ದದಲ್ಲೂ ಆದಷ್ಟು ಹತ್ತಿರವಿರಬೇಕು. ಆಗ ಎರಡೂ ಒಂದೇ ಕಂಸದಲ್ಲಿ ಚಲಿಸುತ್ತವೆ. ಆಕ್ಸಲ್ ಸರಿದಷ್ಟೇ ಡ್ರ್ಯಾಗ್ ಲಿಂಕ್ ತುದಿಯೂ ಸರಿಯುತ್ತದೆ, ಚಕ್ರ ತಾನಾಗಿ ತಿರುಗುವುದಿಲ್ಲ. ಒಂದರ ಬ್ರ್ಯಾಕೆಟ್ ಇಳಿಸಿ ಇನ್ನೊಂದನ್ನು ಹಾಗೇ ಬಿಟ್ಟರೆ ಪ್ರತಿ ಗುಂಡಿಗೂ ಸ್ಟೇರಿಂಗ್ ಕೈಯಲ್ಲಿ ಎಳೆಯುತ್ತದೆ. ಹೊಸ ಬ್ರ್ಯಾಕೆಟ್ ಮಾಡುವಾಗ ರಂಧ್ರದ ಎತ್ತರವನ್ನು ಈ ಸೂತ್ರ ನೋಡಿಯೇ ಗುರುತಿಸಿ.

ಕೊಳವೆ, ಥ್ರೆಡ್, ಬುಶ್

ಸರಳಿಗೆ ಅಮೆರಿಕದ ಮಾಲೀಕರು ಆರಿಸುವುದು ಡಿಓಎಂ ಎಂಬ ಉಕ್ಕಿನ ಕೊಳವೆ. ಬೆಸೆದು ಮಾಡಿದ ಕೊಳವೆಯನ್ನು ಒಳಗೊಂದು ಅಚ್ಚು ಇಟ್ಟು ಎಳೆದು ತಯಾರಿಸುವುದರಿಂದ ಅದರ ಗೋಡೆ ಎಲ್ಲೆಡೆ ಸಮ, ಬಲವೂ ಹೆಚ್ಚು. ಹೊರವ್ಯಾಸ ಒಂದೂವರೆ ಇಂಚು, ಅಂದರೆ 38 ಮಿ.ಮೀ.; ಗೋಡೆ ಕಾಲು ಇಂಚು, ಅಂದರೆ 6 ಮಿ.ಮೀ.ಗೆ ತುಸು ಮೇಲೆ. ನೀರಿನ ಜಿಐ ಪೈಪನ್ನು ಈ ಕೆಲಸಕ್ಕೆ ಮುಟ್ಟಲೇಬೇಡಿ. ಅದು ಈ ಹೊರೆಗೆ ಮಾಡಿದ್ದಲ್ಲ. ಮೇಲಾಗಿ ವೆಲ್ಡಿಂಗ್ ಶಾಖಕ್ಕೆ ಅದರ ಸತುವಿನ ಲೇಪ ಸುಟ್ಟು ಬರುವ ಹೊಗೆ ಉಸಿರಿಗೆ ಕೆಟ್ಟದ್ದು.

ಸಾಧ್ಯವಿದ್ದಷ್ಟೂ ಸರಳು ನೇರವಾಗಿರಲಿ. ಡಿಫರೆನ್ಷಿಯಲ್ ಗುಂಡು ಅಡ್ಡ ಬರುತ್ತದೆಂದು ಕಂಪನಿಗಳು ಸರಳನ್ನು ಬಾಗಿಸುತ್ತವೆ, ಅದಕ್ಕೆ ತಕ್ಕಂತೆ ದಪ್ಪವನ್ನೂ ಕೊಡುತ್ತವೆ. ಹೊರೆ ಹರಿಯುವುದು ಎರಡು ತುದಿಗಳ ನಡುವಿನ ನೇರ ರೇಖೆಯಲ್ಲಿ. ಸರಳು ಆ ರೇಖೆಯಿಂದ ಎಷ್ಟು ದೂರ ಬಾಗಿದೆಯೋ ಅಷ್ಟೂ ಅದು ಇನ್ನಷ್ಟು ಬಾಗಲು ನೋಡುತ್ತದೆ.

ಉದ್ದ ಹೊಂದಿಸಲು ಕೊಳವೆಯ ತುದಿಗೆ ಒಳಥ್ರೆಡ್ ಇರುವ ಸಿದ್ಧ ಬಂಗ್ (ಬಿರಡೆ) ಕೂರಿಸಿ ಬೆಸೆಯುತ್ತಾರೆ; ತುದಿಯ ಕೀಲು ಅದರೊಳಗೆ ತಿರುಗಿ ಕೂರುತ್ತದೆ. ಮುಕ್ಕಾಲು ಇಂಚಿನ, ಇಂಚಿಗೆ 16 ಸುತ್ತಿನ ಥ್ರೆಡ್ ಆದರೆ ಒಂದು ಸುತ್ತಿಗೆ 1.6 ಮಿ.ಮೀ. ಚಲನೆ. ಒಂದು ತುದಿಗೆ ಬಲ ಥ್ರೆಡ್, ಇನ್ನೊಂದಕ್ಕೆ ಎಡ ಥ್ರೆಡ್ ಕೊಟ್ಟರೆ ಗಾಡಿಯಿಂದ ಬಿಚ್ಚದೆ ಕೊಳವೆ ತಿರುಗಿಸಿಯೇ ಉದ್ದ ಸರಿಪಡಿಸಬಹುದು. ಆಗ ಒಂದು ಸುತ್ತಿಗೆ 3.2 ಮಿ.ಮೀ. ಕೀಲಿನ ಥ್ರೆಡ್ ಬಂಗ್ ಒಳಗೆ ಕನಿಷ್ಠ ತನ್ನ ವ್ಯಾಸದಷ್ಟು, ಅಂದರೆ 19 ಮಿ.ಮೀ. ಇಳಿದಿರಬೇಕು. ವ್ಯಾಸದ ಒಂದೂವರೆಯಷ್ಟು ಇಳಿದರೆ ಇನ್ನೂ ನೆಮ್ಮದಿ. ಕೊನೆಗೆ ಉದ್ದ ಬದಲಾಗದಂತೆ ಜ್ಯಾಮ್ ನಟ್ ಬಿಗಿಯಬೇಕು.

ತುದಿಯ ಕೀಲುಗಳಲ್ಲಿ ಮೂರು ಬಗೆ. ರಬ್ಬರ್ ಬುಶ್ ಸದ್ದಿಲ್ಲದೆ ಆಘಾತ ನುಂಗುತ್ತದೆ, ಆದರೆ ಸ್ವಲ್ಪ ಬಿಟ್ಟುಕೊಡುತ್ತದೆ. ಪಾಲಿಯುರೆಥೇನ್ ಬುಶ್ ಗಟ್ಟಿ. ಗ್ರೀಸು ಹಾಕದಿದ್ದರೆ ಕಿರ್ ಎನ್ನುತ್ತದೆ. ಹೈಮ್ ಜಾಯಿಂಟ್ ಎಂಬ ಲೋಹದ ಗುಂಡಿನ ಕೀಲಿನಲ್ಲಿ ಹೊಸದಿದ್ದಾಗ ಪ್ಲೇ ಇರುವುದೇ ಇಲ್ಲ, ಆದರೆ ಧೂಳು ಕೆಸರಿಗೆ ತೆರೆದುಕೊಂಡು ಸವೆಯುತ್ತದೆ, ರಸ್ತೆಯ ಪ್ರತಿ ಕಂಪನವನ್ನೂ ಚಾಸಿಸ್‌ಗೆ ಮುಟ್ಟಿಸುತ್ತದೆ. ದಿನ ಬಳಕೆಯ ಗಾಡಿಗೆ ಎರಡೂ ತುದಿಗೆ ಒಳ್ಳೆಯ ಬುಶ್ ಸಾಕು. ಯಾವುದನ್ನೇ ಆರಿಸಿ, ಕೀಲನ್ನು ಮಾತ್ರ ಕೊಂಡು ತನ್ನಿ. ಕೊಳವೆ ಕತ್ತರಿಸಿ ಬೆಸೆಯುವುದು ಶೆಡ್ಡಿನ ಕೆಲಸ. ಗುಂಡು ಉಜ್ಜಿ, ಗಡಸುಗೊಳಿಸಿ, ಅಳತೆಗೆ ತರುವುದು ಕಾರ್ಖಾನೆಯ ಕೆಲಸ. ಸವೆದ ಬಾಲ್ ಜಾಯಿಂಟಿಗೆ ವೆಲ್ಡಿಂಗ್ ಹಾಕಿ ಬಿಗಿ ಮಾಡುವುದಂತೂ ಪ್ರಾಣದೊಂದಿಗೆ ಆಡುವ ಜೂಜು.

ಬೆಸೆಯುವುದು, ಬಿಗಿಯುವುದು

ಬೆಸೆಯುವ ಅಂಚುಗಳ ತುಕ್ಕು, ಎಣ್ಣೆ, ಬಣ್ಣ ಪೂರ್ತಿ ಹೋಗಲಿ. ಅಂಚನ್ನು ಓರೆಯಾಗಿ ಗ್ರೈಂಡ್ ಮಾಡಿದರೆ ಬೆಸುಗೆ ಒಳತನಕ ಇಳಿಯುತ್ತದೆ. ಬಂಗ್ ಕೂರುವ ಜಾಗದಲ್ಲಿ ಕೊಳವೆಯ ಗೋಡೆಗೆ ಎರಡು ರಂಧ್ರ ಕೊರೆದು ಅಲ್ಲಿಯೂ ಬೆಸೆದರೆ ಹಿಡಿತ ಹೆಚ್ಚು. ರಬ್ಬರ್ ಬುಶ್ ತೆಗೆದಿಟ್ಟೇ ವೆಲ್ಡಿಂಗ್ ಮಾಡಿ. ಬೆಸೆದದ್ದು ತಾನಾಗಿ ಗಾಳಿಯಲ್ಲಿ ಆರಲಿ. ನೀರಿಗೆ ಅದ್ದಿದರೆ ಉಕ್ಕು ಪೆಡಸಾಗಿ ಬಿರುಕು ಬಿಡಬಹುದು. ಚಾಸಿಸ್ ಮೇಲೆ ಬೆಸೆಯುವುದಿದ್ದರೆ ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ಕೆಂಪು ದ್ರವ ಬಳಿದು, ಒರೆಸಿ, ಬಿಳಿ ಡೆವಲಪರ್ ಸಿಂಪಡಿಸುವ ಡೈ ಪರೀಕ್ಷೆಯಿಂದ ಬೆಸುಗೆಯ ಮೇಲ್ಮೈ ಬಿರುಕುಗಳು ಕಣ್ಣಿಗೆ ಬೀಳುತ್ತವೆ. ಖರ್ಚು ಕಡಿಮೆ, ಇದನ್ನು ಬಿಡಬೇಡಿ.

ಬೋಲ್ಟಿನ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಬೋಲ್ಟು ಗೂಟದಂತೆ ಅಡ್ಡ ನಿಂತು ಹೊರೆ ಹೊರುತ್ತದೆ ಎಂದು ಹಲವರು ಭಾವಿಸುತ್ತಾರೆ. ಸರಿಯಾಗಿ ಬಿಗಿದಾಗ ಅದು ಬುಶ್ಶಿನ ಒಳಕೊಳವೆಯನ್ನು ಬ್ರ್ಯಾಕೆಟ್ಟಿನ ಕಿವಿಗಳ ನಡುವೆ ಅದುಮಿ ಹಿಡಿಯುತ್ತದೆ. ಹೊರೆ ಹೊರುವುದು ಆ ಘರ್ಷಣೆ. ಬಿಗಿತ ಕಡಿಮೆಯಾದರೆ ಬೋಲ್ಟು ರಂಧ್ರದಲ್ಲಿ ಕುಣಿದು ಅದನ್ನು ಮೊಟ್ಟೆಯಾಕಾರಕ್ಕೆ ತರುತ್ತದೆ. ಆಮೇಲೆ ಎಷ್ಟು ಹೊಸ ಸರಳು ಹಾಕಿದರೂ ಪ್ಲೇ ಹೋಗುವುದಿಲ್ಲ. ಆದ್ದರಿಂದ ರಂಧ್ರ ಬೋಲ್ಟಿಗೆ ಅಳತೆಗೆ ಸರಿಯಾಗಿರಲಿ, ಬೋಲ್ಟು 10.9 ದರ್ಜೆಯದಿರಲಿ, ಕಿವಿಗಳ ಮೇಲೆ ಕೂರುವುದು ಅದರ ಥ್ರೆಡ್ ಇಲ್ಲದ ಭಾಗವಾಗಿರಲಿ, ಬಿಗಿಯುವುದು ಟಾರ್ಕ್ ವ್ರೆಂಚಿನಿಂದಾಗಲಿ.

ಜೋಡಿಸುವಾಗ ಗಾಡಿ ಸಮತಟ್ಟಾದ ನೆಲದಲ್ಲಿ, ತನ್ನ ಚಕ್ರಗಳ ಮೇಲೇ ನಿಂತಿರಬೇಕು. ಒಂದು ತುದಿಯ ರಂಧ್ರ ಕೂಡಿಬರದಿದ್ದರೆ ಇನ್ನೊಬ್ಬರು ಸ್ಟೇರಿಂಗ್ ತುಸು ತಿರುಗಿಸಿದರೆ ಆಕ್ಸಲ್ ಸರಿದು ಕೂಡಿಬರುತ್ತದೆ. ಆಗ ರಂಧ್ರದಲ್ಲಿ ಬೆರಳು ಇರದಂತೆ ನೋಡಿಕೊಳ್ಳಿ. ಎರಡೂ ಕಡೆ ಚಾಸಿಸ್‌ನಿಂದ ಟೈರಿಗೆ ಅಳೆದು, ಆಕ್ಸಲ್ ನಡುವಿಗೆ ಬರುವಂತೆ ಉದ್ದ ಹೊಂದಿಸಿ. ರಬ್ಬರ್ ಬುಶ್ಶಿನ ಬೋಲ್ಟನ್ನು ಗಾಡಿ ಎತ್ತಿದ ಸ್ಥಿತಿಯಲ್ಲಿ ಬಿಗಿಯಬೇಡಿ. ಬಿಗಿದರೆ ಗಾಡಿ ಇಳಿದ ಮೇಲೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಹರಿಯುತ್ತದೆ. ಸ್ಪ್ರಿಂಗ್ ಪೂರ್ತಿ ಕುಗ್ಗಿದಾಗ ಸರಳು ಡಿಫರೆನ್ಷಿಯಲ್‌ಗಾಗಲಿ ಎಂಜಿನ್ನಿನ ಆಯಿಲ್ ಪ್ಯಾನ್‌ಗಾಗಲಿ ತಾಗುವುದೇ ಎಂದು ಸ್ಟೇರಿಂಗಿನ ಎರಡೂ ಕೊನೆಗಳಲ್ಲಿ ನೋಡಿ. ಬಳಿಕ ಡ್ರ್ಯಾಗ್ ಲಿಂಕ್ ಹೊಂದಿಸಿ ಸ್ಟೇರಿಂಗ್ ಚಕ್ರವನ್ನು ನೇರಕ್ಕೆ ತನ್ನಿ. ನಟ್ಟಿನಿಂದ ಬ್ರ್ಯಾಕೆಟ್ಟಿಗೆ ಬಣ್ಣದ ಒಂದು ಗೆರೆ ಎಳೆದಿಟ್ಟರೆ, ಅದು ಸಡಿಲವಾದದ್ದು ಒಂದೇ ನೋಟಕ್ಕೆ ತಿಳಿಯುತ್ತದೆ.

ಇಲ್ಲಿನ ಓದುಗರಿಗೆ

2023ರಲ್ಲಿ ಭಾರತಕ್ಕೆ ಬಂದ ಮಾರುತಿ ಸುಜುಕಿ ಜಿಮ್ನಿ ಪಿಕಪ್ ಅಲ್ಲ. ಆದರೂ ಅದರ ಮುಂದೆ ಹಿಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ಕಾಯಿಲ್ ಸ್ಪ್ರಿಂಗ್ ಮತ್ತು ಇದೇ ಬಗೆಯ ಅಡ್ಡ ಸರಳು ಇದೆ. ಮೇಲಿನ ರೇಖಾಗಣಿತ ಅದಕ್ಕೂ ಅನ್ವಯ. ಆದರೆ ನಮ್ಮಲ್ಲಿ ಕಾನೂನು ಬಿಗಿ. ನೋಂದಣಿ ಪತ್ರದಲ್ಲಿರುವ ತಯಾರಕರ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನಿರ್ಬಂಧಿಸುತ್ತದೆ. ಅಪಘಾತವಾದರೆ ವಿಮೆಯ ಪ್ರಶ್ನೆಯೂ ಏಳುತ್ತದೆ. ಕಂಪನಿಯ ಬಿಡಿಭಾಗ ಸಿಗುವ ಗಾಡಿಗೆ ಅದನ್ನೇ ಹಾಕಿ.

ಅಮೆರಿಕದಲ್ಲಿ ನೆಲೆಸಿ ಹಳೆಯ ಪಿಕಪ್ ಇಟ್ಟುಕೊಂಡವರಾದರೆ ಮೊದಲು ನಿಮ್ಮ ರಾಜ್ಯದ ನಿಯಮ ನೋಡಿಕೊಳ್ಳಿ. ಆಮೇಲೆ ಒಂದೇ ಮಾತು: ನಿಮ್ಮ ಜೀವನದ ಮೊದಲ ವೆಲ್ಡಿಂಗ್ ಟ್ರ್ಯಾಕ್ ಬಾರ್ ಮೇಲೆ ಆಗುವುದು ಬೇಡ. ಕೊಳವೆ ನೀವೇ ಕತ್ತರಿಸಿ, ಅಳೆಯಿರಿ, ಹೊಂದಿಸಿ, ನಾಲ್ಕು ಕಡೆ ಚುಕ್ಕೆ ಬೆಸುಗೆ ಹಾಕಿ. ಕೊನೆಯ ಬೆಸುಗೆಯನ್ನು ಅನುಭವಿ ವೆಲ್ಡರ್ ಕೈಯಲ್ಲಿ ಹಾಕಿಸಿ. ಗಾಡಿ ನೂರು ಕಿಲೋಮೀಟರ್ ಓಡಿದ ಮೇಲೆ ಪ್ರತಿ ಬೋಲ್ಟನ್ನೂ ಮತ್ತೊಮ್ಮೆ ಟಾರ್ಕ್ ವ್ರೆಂಚಿನಿಂದ ಪರೀಕ್ಷಿಸಿ, ಆಮೇಲೆ ಪ್ರತಿ ಆಯಿಲ್ ಬದಲಾವಣೆಯಲ್ಲೂ ನೋಡುವ ರೂಢಿ ಇಟ್ಟುಕೊಳ್ಳಿ.