ನಿದ್ರೆಯಲ್ಲಿ ಹಲ್ಲು ಕಡಿಯುವುದೂ ಗೊರಕೆಯೂ

ಹಗಲೆಲ್ಲಾ ದುಡಿದ ದೇಹಕ್ಕೆ ದೇವರು ರಾತ್ರಿಯಲ್ಲಿ ನಿದ್ರೆಯನ್ನು ಅನುಗ್ರಹಿಸಿದ್ದಾನೆ. ಆದರೆ ಕೆಲವರ ದವಡೆಗೆ ಆಗಲೂ ವಿಶ್ರಾಂತಿಯಿಲ್ಲ. ಅವರು ತಮಗರಿಯದೆ ಹಲ್ಲು ಕಡಿಯುವರು. ಬೆಳಿಗ್ಗೆ ಕಿವಿಯ ಮುಂದಿರುವ ದವಡೆಯ ಕೀಲಿನಲ್ಲಿಯೂ ಕೆನ್ನೆಯ ಸ್ನಾಯುಗಳಲ್ಲಿಯೂ ನೋವಿರುವುದು. ಕ್ರಮೇಣ ಹಲ್ಲುಗಳು ಸವೆಯುವುವು.

ಇಂಥವರಿಗೆ ದಂತವೈದ್ಯರು ಹಲ್ಲುಗಳ ಅಚ್ಚನ್ನು ತೆಗೆದು, ಅದಕ್ಕೆ ಸರಿಯಾಗಿ ಸ್ಪ್ಲಿಂಟ್ ಎಂಬ ಅಕ್ರಿಲಿಕ್ ಹೊದಿಕೆಯನ್ನು ಮಾಡಿಕೊಡುತ್ತಾರೆ. ರಾತ್ರಿ ಇದನ್ನು ಧರಿಸಿದರೆ ಸವೆತವು ಹೊದಿಕೆಗೇ ಹೊರತು ಹಲ್ಲಿಗಲ್ಲ. ಕೆಲವರಿಗೆ ನೋವೂ ಶಮನವಾಗುವುದು. ಆದರೂ ಇದು ಹಲ್ಲನ್ನು ಕಾಯುವುದೇ ವಿನಾ ಅಭ್ಯಾಸವನ್ನು ಬಿಡಿಸಲಾರದು. ಬಿಸಿನೀರು ತಾಗಿದರೆ ಆಕಾರಗೆಡುವುದರಿಂದ ಇದನ್ನು ತಣ್ಣೀರಿನಲ್ಲಿಯೇ ತೊಳೆಯಬೇಕು.

ಮಕ್ಕಳು ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳುವಿದೆಯೆಂದು ನಮ್ಮ ಮನೆಗಳಲ್ಲಿ ಹೇಳುವುದುಂಟು. ಅದೊಂದೇ ಹುಳುವಿಗೆ ಗುರುತಲ್ಲ. ಹಾಲುಹಲ್ಲುಗಳು ಬಿದ್ದು ಶಾಶ್ವತ ದಂತಗಳು ಬರುವಷ್ಟರಲ್ಲಿ ಬಹುಮಂದಿ ಮಕ್ಕಳಲ್ಲಿ ಅದು ತಾನಾಗಿ ನಿಲ್ಲುವುದು.

ಗೊರಕೆಯ ಸ್ಪ್ಲಿಂಟ್ ಬೇರೆ. ನಿದ್ರೆಯಲ್ಲಿ ನಾಲಿಗೆಯು ಹಿಂದಕ್ಕೆ ಸರಿದು ಗಂಟಲಿನ ದಾರಿ ಕಿರಿದಾದಾಗ ಗೊರಕೆಯುಂಟಾಗುವುದು. ಈ ಸ್ಪ್ಲಿಂಟ್ ಕೆಳದವಡೆಯನ್ನು ಕೊಂಚ ಮುಂದಕ್ಕೆ ಹಿಡಿದು, ಅದರೊಡನೆ ನಾಲಿಗೆಯನ್ನೂ ತಂದು, ಉಸಿರಿಗೆ ಎಡೆಮಾಡಿಕೊಡುವುದು.

ಇಲ್ಲಿ ನಾವು ಒಂದು ಸಂಗತಿಯನ್ನು ಮರೆಯಬಾರದು. ಗೊರಕೆಯ ನಡುವೆ ಉಸಿರು ನಿಂತು ಏದುಸಿರಿನೊಡನೆ ಮರಳುವುದಾದರೆ, ಹಗಲಿನಲ್ಲಿ ತೂಕಡಿಕೆ ಹೆಚ್ಚಾದರೆ, ಅದು ನಿದ್ರೆಯಲ್ಲಿ ಉಸಿರು ಕಟ್ಟುವ ರೋಗವಾಗಿರಬಹುದು. ಅಂಗಡಿಯ ಸ್ಪ್ಲಿಂಟನ್ನು ಕೊಂಡು ಸದ್ದಡಗಿಸಿ ಸುಮ್ಮನಾಗದೆ, ಮೊದಲು ವೈದ್ಯರಿಂದ ಪರೀಕ್ಷೆ ಮಾಡಿಸಬೇಕು. ಮಲಗಿರುವವರಿಗೆ ಇದು ತಿಳಿಯದು. ಎಚ್ಚರವಿರುವವರೇ ಕಂಡು ಹೇಳಬೇಕು. ಆದಕಾರಣ ತಾಯಂದಿರೂ ಸೋದರಿಯರೂ ಮನೆಯವರ ನಿದ್ರೆಗೆ ಒಂದು ರಾತ್ರಿಯಾದರೂ ಕಿವಿಗೊಡಬೇಕೆಂದು ಕೋರುತ್ತೇವೆ.