ಉರುಳುವ ಬಂಡಿಗೆ ಉಕ್ಕಿನ ಕಮಾನು

ಬೆಂಗಳೂರಿನ ಕರ್ನಾಟಕ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಬಿನ ಕೆ-1000 ರ್‍ಯಾಲಿಯ ಹೆಸರನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಇಂತಹ ಕ್ರೀಡೆಗಳಿಗೆ ಹವ್ಯಾಸಿಗಳೂ ತಮ್ಮ ಕಾರುಗಳನ್ನು ಸಜ್ಜುಗೊಳಿಸಿಕೊಂಡು ಇಳಿಯುತ್ತಾರೆ. ವೇಗದಲ್ಲಿ ಓಡುವ ಕಾರು ಮಗುಚಿದರೆ ಅದರ ಭಾರವೆಲ್ಲ ತೆಳುತಗಡಿನ ಛಾವಣಿಯ ಮೇಲೆ ಬೀಳುತ್ತದೆ. ಛಾವಣಿ ಕುಸಿದರೆ ಚಾಲಕನ ತಲೆಗೆ ರಕ್ಷಣೆಯೆಲ್ಲಿ? ಆದುದರಿಂದಲೇ ಆಸನದ ಹಿಂದೆ ಉಕ್ಕಿನ ಕೊಳವೆಯ ಕಮಾನೊಂದನ್ನು ನಿಲ್ಲಿಸುತ್ತಾರೆ. ಇದಕ್ಕೆ ರೋಲ್ ಬಾರ್ ಎಂದು ಹೆಸರು.

ಇದನ್ನು ಆರಿಸುವ ಬಗೆ ಹೇಗೆ? ಮೊದಲು ಕೊಳ್ಳತಕ್ಕದ್ದು ಕೊಳವೆಯನ್ನಲ್ಲ. ಓದತಕ್ಕದ್ದು ಆಯಾ ಪಂದ್ಯದ ಆ ವರ್ಷದ ನಿಯಮಾವಳಿಯನ್ನು. 1904ರಲ್ಲಿ ಪ್ಯಾರಿಸಿನಲ್ಲಿ ಸ್ಥಾಪಿತವಾದ ಎಫ್.ಐ.ಎ. ಎಂಬ ವಿಶ್ವಸಂಸ್ಥೆಯ ನಿಯಮವನ್ನು ಉದಾಹರಣೆಯಾಗಿ ನೋಡೋಣ. ಮುಖ್ಯ ಕಮಾನಿನ ಕೊಳವೆಗೆ ಬೆಸುಗೆಯ ಗೆರೆ ಇರಕೂಡದು. ಅದು ತಣ್ಣಗೆ ಎಳೆದು ಮಾಡಿದ ಇಂಗಾಲದ ಉಕ್ಕಾಗಿರಬೇಕು. ಚದರ ಮಿಲಿಮೀಟರಿಗೆ ಕನಿಷ್ಠ 350 ನ್ಯೂಟನ್ ಎಳೆತವನ್ನು ತಾಳಬೇಕು. ಹೊರವ್ಯಾಸ 45 ಮಿ.ಮೀ. ಇದ್ದರೆ ದಪ್ಪ 2.5 ಮಿ.ಮೀ.; ವ್ಯಾಸ 50 ಇದ್ದರೆ ದಪ್ಪ 2. ಇವು ಕನಿಷ್ಠ ಅಳತೆಗಳು.

ಕೊಳವೆಯೇ ಏಕೆ, ಗಟ್ಟಿ ಸರಳೇಕಲ್ಲ? ಬಿದಿರು ಟೊಳ್ಳಾಗಿದ್ದೂ ಗಾಳಿಗೆ ಮುರಿಯದು. ಬಾಗುವ ವಸ್ತುವಿನಲ್ಲಿ ಹೆಚ್ಚಿನ ಶ್ರಮವೆಲ್ಲ ಅಂಚಿನದು; ನಡುವಿನ ಲೋಹ ಬಹುಮಟ್ಟಿಗೆ ಸೋಮಾರಿ. ಲೆಕ್ಕ ಹಾಕಿದರೆ 45 ಮಿ.ಮೀ.ನ ಕೊಳವೆಯು ಅದೇ ತೂಕದ ಗಟ್ಟಿ ಸರಳಿಗಿಂತ ಬಾಗುವಿಕೆಯನ್ನು ಸುಮಾರು ಎಂಟೂವರೆ ಪಟ್ಟು ಹೆಚ್ಚಾಗಿ ತಡೆಯುತ್ತದೆ. ಮೀಟರಿಗೆ ಅದರ ತೂಕ ಸುಮಾರು 2.6 ಕಿಲೋಗ್ರಾಂ. 50 ಮಿ.ಮೀ.ನದು ಸುಮಾರು 2.4 ಕಿಲೋಗ್ರಾಂ ಮಾತ್ರ. ಆದರೂ ಅದರ ಬಿಗಿತ ಇನ್ನೂ ಸುಮಾರು ಶೇಕಡಾ 15ರಷ್ಟು ಹೆಚ್ಚು! ಕಾರಿನೊಳಗೆ ಎಡೆಯಿದ್ದವರು ಎರಡನೆಯದನ್ನೂ, ಇಲ್ಲದವರು ಮೊದಲನೆಯದನ್ನೂ ಆರಿಸಬಹುದು.

ಅಂಗಡಿಯ ನೀರಿನ ಕೊಳವೆ ನೋಟಕ್ಕೆ ಇದರಂತೆಯೇ ಇರಬಹುದು. ಆದರೆ ಅದು ಸಾಮಾನ್ಯವಾಗಿ ತಗಡನ್ನು ಸುರುಳಿಸಿ ಬೆಸೆದದ್ದು. ನೀರನ್ನು ಹರಿಸಲು ಮಾಡಿದ್ದೇ ಹೊರತು ಪ್ರಾಣವನ್ನು ಕಾಯಲು ಅಲ್ಲ. ಬಣ್ಣ ಬಳಿದ ಮೇಲೆ ಭೇದ ಕಾಣದು. ಮಗುಚಿದಾಗ ಮಾತ್ರ ಕಾಣುವುದು.

ಕೊಳವೆ ಒಳ್ಳೆಯದಾದರೆ ಸಾಲದು. ಅದನ್ನು ಬಾಗಿಸುವಾಗ ತಿರುವಿನ ತ್ರಿಜ್ಯವು ವ್ಯಾಸದ ಮೂರು ಪಟ್ಟಿಗೆ ಕಡಮೆಯಾಗಬಾರದು. ಕಮಾನು ಹಿಂದುಮುಂದಕ್ಕೆ ಒರಗದಂತೆ ಊರೆಗಂಬಿಗಳಿರಬೇಕು. ಪಾದವನ್ನು ತೆಳುತಗಡಿಗೆ ಬಿಗಿದರೆ ಅದು ತಗಡನ್ನೇ ತೂರಿಹೋದೀತು. ಅದಕ್ಕಾಗಿಯೇ ಮುಖ್ಯ ಕಮಾನಿನ ಪ್ರತಿ ಪಾದದಡಿ 3 ಮಿ.ಮೀ. ದಪ್ಪದ, 120 ಚದರ ಸೆಂಟಿಮೀಟರ್ ವಿಸ್ತಾರದ ಉಕ್ಕಿನ ಫಲಕವನ್ನೂ, 8 ಮಿ.ಮೀ.ನ ಮೂರು ಬೋಲ್ಟುಗಳನ್ನೂ ಕನಿಷ್ಠವೆಂದು ವಿಧಿಸಿದ್ದಾರೆ. ಶಿರಸ್ತ್ರಾಣ ತಗಲುವ ಕಡೆ ಮೆತ್ತೆಯೂ ಬೇಕು. ಶಿರಸ್ತ್ರಾಣವಿಲ್ಲದೆ ಅದೇ ಕಾರನ್ನು ಪೇಟೆಯಲ್ಲಿ ಓಡಿಸುವವನಿಗೆ, ತಲೆಯ ಹತ್ತಿರದ ಕಬ್ಬಿಣವೇ ಕಂಟಕವಾದೀತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮ್ಮದು. ನಿಯಮಾವಳಿಯೆಂದರೆ ಕೆಡುವ ಮೊದಲೇ ದೊರೆಯುವ ಬುದ್ಧಿ. ನಮ್ಮ ಗೋರ್ವಾದ ಕಾರ್ಖಾನೆಗಳಲ್ಲಿ ನಾಳೆ ನಿಮ್ಮಲ್ಲೊಬ್ಬರು ಬೆಸುಗೆಯ ಕೋಲನ್ನು ಹಿಡಿದಾರು. ಆಗ ಅರ್ಧ ಮಿಲಿಮೀಟರು ಕಡಮೆಯಾದರೇನೆಂದು ಕೇಳುವವರಿಗೆ ಉತ್ತರ ಕೊಡಲು, ಇಂದಿನ ಗಣಿತದ ಪಾಠವನ್ನು ಮನಸ್ಸಿಟ್ಟು ಕಲಿಯೋಣ.